ಮಡಚದ ಕಾಲು

ಹೊಳೆಯಪ್ಪ ಹೆಣದ ಬಲ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ, ಉಸಿರು ಬಿಗಿಹಿಡಿದು ಒತ್ತಿದ. ಕಾಲು ಜಗ್ಗಲಿಲ್ಲ. ಇನ್ನೊಮ್ಮೆ ಒತ್ತಿದ. ಧಾರವಾಡದ ಸಪ್ತಾಪುರದ ಆ ಓಣಿಯ ಲಿಂಗಾಯತರ ಮನೆಗಳಲ್ಲಿ ಯಾರು ತೀರಿಕೊಂಡರೂ ಜಳಕ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂಡಿಸುವವನು ಅವನೇ. ಇಂಥ ಕಾಲು ಅವನ ಕೈಗೆ ಸಿಕ್ಕಿರಲಿಲ್ಲ.

"ಒಳಗ ರಾಡ್ ಅದಾವ್ರಿ ಸಾವಕಾರ್ರ," ಎಂದ ಬೆವರು ಒರೆಸಿಕೊಳ್ಳುತ್ತ. "ಜೀವ ಹೋದ ಮ್ಯಾಲೆ ಬಿಗದದ್ದಲ್ಲ ಇದು. ಇದ್ದಾಗನ ಹಿಂಗ ಇತ್ತು."

"ಗೊತ್ತೈತಿ," ಎಂದ ಬಸವಪ್ರಭು. ತೀರಿಕೊಂಡ ಶಿವಯೋಗೀಶನ ಅಣ್ಣ. ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಆಗಷ್ಟೇ ಕಾರಿನಲ್ಲಿ ಬಂದಿದ್ದ. ಬಿಳಿ ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. "ಇಬ್ಬರು ಕೂಡಿ ಒತ್ರಿ. ಆಗಲಿಲ್ಲಂದ್ರ ಮೊಣಕಾಲಿಗೆ ಒಂದ್ ಏಟು ಹಾಕ್ರಿ. ಸತ್ತಾವಗ ನೋವೇನು? ಹಿಂಗ ಕಾಲು ಚಾಚಿ ಕುಂದ್ರಿಸಿದ್ರ ಮಂದಿ ಏನಂದಾರು?"

ಮೂಲೆಯಲ್ಲಿದ್ದ ಸೋದರತ್ತೆ ಪ್ರಭಾವತಿ ಸೆರಗಿನಿಂದ ಮೂಗೊರೆಸಿಕೊಂಡಳು. "ಹೋಗಲಿ ಬಿಡಪಾ, ಬಿಡುಗಡಿ ಆತು."

"ಯಾರಿಗೆ ಆತ್ರಿ ಅತ್ತಿ, ಬಿಡುಗಡಿ?"

ಅಡುಗೆಮನೆಯ ಬಾಗಿಲಲ್ಲಿ ಶಿವಯೋಗೀಶನ ಹೆಂಡತಿ ಉಮಾಶ್ರೀ ನಿಂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ. ಗಂಡ ಸತ್ತವಳು ಅಳದಿದ್ದರೆ ಮಾತಾಡಿಸಲು ಬಂದವರಿಗೇ ತ್ರಾಸು. ಏನು ಸಮಾಧಾನ ಹೇಳಬೇಕು ಅಂತ ತಿಳಿಯುವುದಿಲ್ಲ. ಅವಳು ನೇರ ಹೆಣದ ಹತ್ತಿರ ಬಂದಳು.

"ಹೊಳೆಯಪ್ಪ ಕಾಕಾ, ಕೈ ತಗೀರಿ."

* * *

ಶಿವಯೋಗೀಶ ಅಂದರೆ ಪಂಗತಿ. ಅಣ್ಣನ ಜೊತೆ ಕಾಳಿನ ವ್ಯಾಪಾರ ಮಾಡುತ್ತಿದ್ದ, ಅದೆಲ್ಲ ಸರಿ. ಆದರೆ ಜನಕ್ಕೆ ಅವನ ನೆನಪು ಊಟದ ಸಾಲಿನದೇ. ಗೋಧಿ ಹುಗ್ಗಿ ಬಡಿಸುವವರು ದಣಿಯಬೇಕು, ಅವನು ದಣಿಯುತ್ತಿರಲಿಲ್ಲ. ಅಕ್ಕಪಕ್ಕದವರನ್ನು ನಗಿಸಿ ನಗಿಸಿ ಅವರಿಗೂ ಎರಡು ತುತ್ತು ಹೆಚ್ಚು ಉಣ್ಣಿಸುತ್ತಿದ್ದ.

ಹೆಬ್ಬಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಅವನ ಬೈಕಿನ ಮೇಲೆ ಹಾಯಿತು. ಎರಡೂ ಕಾಲಿಗೆ ರಾಡ್ ಬಿದ್ದವು. ಜೀವ ಉಳಿಯಿತು, ಕಾಲೂ ಉಳಿದವು, ಆದರೆ ಬಿದಿರ ಬಂಬಿನ ಹಾಗೆ ನೆಟ್ಟಗೆ. ಕುರ್ಚಿಯಲ್ಲಿ ಕೂತರೆ ಎದುರಿಗಿದ್ದವರ ಕಡೆ ಅಂಗಾಲು. ದೊಡ್ಡವರ ಕಡೆ, ದೇವರ ಕಡೆ ಕಾಲು ಚಾಚಬಾರದು ಎಂದು ಹಾಲಿನ ಜೊತೆಗೇ ಕಲಿಸುವ ಮನೆತನ ಅದು.

ಬಸವಪ್ರಭುವಿನ ಹೊಸ ಮನೆಯ ವಾಸ್ತುಶಾಂತಿಗೆ ಸ್ವಾಮಿಗಳು ಬಂದಿದ್ದರು. ಎಲ್ಲರೂ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರೆ ಶಿವಯೋಗೀಶ ಒಬ್ಬನೇ ಕುರ್ಚಿಯ ಮೇಲೆ.

"ಅಜ್ಜಾರ ಕಡೆ ಕಾಲು ಮಾಡಿ ಕುಂತೀಯಲ್ಲೋ," ಎಂದು ಅಣ್ಣ ಕಿವಿಯಲ್ಲಿ ಅಂದ. ಸ್ವಾಮಿಗಳು ಈ ಕಡೆ ನೋಡಿಯೂ ಇರಲಿಲ್ಲ. ಇಬ್ಬರು ಬಂದು ಅವನನ್ನು ಕುರ್ಚಿಸಮೇತ ಎತ್ತಿ, ಚಪ್ಪಲಿ ಬಿಟ್ಟಿದ್ದ ಹಿಂದಿನ ಪಡಸಾಲೆಯಲ್ಲಿ ಇಟ್ಟರು. ಹೊರಗೆ ಪಂಗತಿ ಕೂತ ಸಪ್ಪಳ. ಉಮಾಶ್ರೀ ತಾಟು ತಂದಳು.

"ನನಗ ಹಸಿವಿಲ್ಲ," ಎಂದ. ಹುಗ್ಗಿಯ ವಾಸನೆ ಬರುತ್ತಿರುವಾಗ ಶಿವಯೋಗೀಶ ಆಡಿದ ಮಾತು ಅದು.

ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮರುದಿನವೂ ಏಳಲಿಲ್ಲ. ಆಮೇಲೆ ಜಳಕ ಬಿಟ್ಟ, ಮಾತು ಬಿಟ್ಟ. ನೋಡಲು ಬಂದವರು ಬಾಯಿಗೆ ಬಂದದ್ದು ಅಂದರು: ಸೊಕ್ಕು, ಸೋಮಾರಿತನ, ಕುಂತು ಉಣ್ಣಾಕ ಸಿಕ್ಕಾವಗ ಎಂಥಾ ಚಿಂತಿ. ಅವನಿಗೆ ಕೂತು ಉಣ್ಣಲು ಬಿಟ್ಟವರೇ ಇರಲಿಲ್ಲ. ಇಂಥವರ ನಾಲಿಗೆಗೆ ಎಲುಬೇ ಇರುವುದಿಲ್ಲ.

* * *

ಎಲುಬಿನ ಡಾಕ್ಟರೇ ಕೊನೆಗೆ ಹೇಳಿದರು. "ಇದು ಕಾಲಿಂದಲ್ಲ ಯವ್ವಾ, ಮನಸ್ಸಿಂದು. ಇದೂ ಒಂದು ಬ್ಯಾನಿ, ಜಡ್ಡು ಇದ್ದಂಗ. ಗುಳಗಿ ಅದಾವ, ಕಮ್ಮಿ ಆಕ್ಕೈತಿ. ಲಗೂ ತೋರಿಸ್ರಿ."

ಮನಸ್ಸಿನ ದವಾಖಾನೆ ಧಾರವಾಡದಲ್ಲೇ ಇದೆ. ಹತ್ತು ಜಿಲ್ಲೆಯ ಮಂದಿ ಬಸ್ಸು ಹಿಡಿದು ಬಂದು ತೋರಿಸಿಕೊಂಡು ಹೋಗುತ್ತಾರೆ. ಊರವರಿಗೇ ಅದು ದೂರ. ಆ ಗೇಟಿನಲ್ಲಿ ಹೊಕ್ಕವನನ್ನು ಗುರುತಿನವರು ಕಂಡರೆ ಮನೆತನಕ್ಕೆ ಹುಚ್ಚಿನ ಹೆಸರು.

ಅಲ್ಲಿಗೆ ಹೊರಟ ಮುಂಜಾನೆ ಶಿವಯೋಗೀಶ ತಾನಾಗಿಯೇ ಜಳಕಕ್ಕೆ ನೀರು ಕಾಯಿಸು ಅಂದಿದ್ದ. ಗಡ್ಡ ತೆಗೆದುಕೊಂಡ. ಉಮಾಶ್ರೀ ಅವನನ್ನು ಆಟೋದ ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ಕೂಡಿಸಿದಳು. ಕಾಲು ಹೊರಗೆ ಚಾಚಿದ್ದವು. ಅಷ್ಟರಲ್ಲಿ ಬಸವಪ್ರಭುವಿನ ಕಾರು ಬಂತು. ಯಾರೋ ಸುದ್ದಿ ಮುಟ್ಟಿಸಿದ್ದರು.

"ಮಗಳ ಲಗ್ನದ ಮಾತುಕತಿ ನಡದೈತಿ. ಚಿಕ್ಕಪ್ಪಗ ಹುಚ್ಚು ಅಂತ ಗೊತ್ತಾದ್ರ ಯಾರು ಮಾಡ್ಕೋತಾರ? ಇಳಸು ಅವನ್ನ."

"ಭಾವಾರ, ಹುಚ್ಚಲ್ರಿ ಅದು..."

"ಮಂದಿಗೆ ಗೊತ್ತೈತೇನು ಅದು?"

ಬಸವಪ್ರಭುವೇ ತಮ್ಮನನ್ನು ಇಳಿಸಿ ಆಟೋದವನನ್ನು ಕಳಿಸಿಬಿಟ್ಟ. ಶಿವಯೋಗೀಶ ಮತ್ತೆ ನೀರು ಕಾಯಿಸು ಅನ್ನಲಿಲ್ಲ. ಚಳಿಗಾಲದಲ್ಲಿ ಕೆಮ್ಮು ಬಂತು, ಔಷಧಿಗೆ ಬಾಯಿ ತೆರೆಯಲಿಲ್ಲ. ನ್ಯುಮೋನಿಯಾ ಎಂದು ಡಾಕ್ಟರು ಬರೆದುಕೊಟ್ಟರು. ಅವರು ಬೇರೇನು ಬರೆಯಬೇಕು ಪಾಪ.

* * *

"ಉಮಾ, ನೀ ಒಳಗ ನಡಿ. ಇದು ಗಂಡಸರ ಕೆಲಸ," ಎಂದ ಬಸವಪ್ರಭು. ಪೂಜೆಗೆ ಕಾದು ನಿಂತಿದ್ದ ಜಂಗಮ ಅಯ್ಯನ ಕಡೆ ತಿರುಗಿದ. "ಶಾಂತಯ್ಯನವ್ರ, ನೀವರೆ ಹೇಳ್ರಿ. ಕಾಲು ಚಾಚಿ ಮಣ್ಣು ಮಾಡೂ ಪದ್ಧತಿ ಐತೇನು ನಮ್ಮಾಗ?"

ಶಾಂತಯ್ಯ ಗಂಟಲು ಸರಿಮಾಡಿಕೊಂಡ. "ಪದ್ಧತಿ ಇಲ್ಲ ಖರೇ... ಮುರೀರಿ ಅನ್ನೂ ಪದ್ಧತಿನೂ ಇಲ್ಲ ಬಿಡ್ರಿ."

"ಮುರೀರಿ," ಎಂದಳು ಉಮಾಶ್ರೀ.

ಎಲ್ಲರೂ ಅವಳ ಕಡೆ ನೋಡಿದರು. ಅವಳು ಹೋಗಿ ಮುಂಬಾಗಿಲ ಎರಡೂ ಪಡಿ ತೆಗೆದಳು. ಅಂಗಳದಲ್ಲಿ ಓಣಿಯ ಮಂದಿ, ಕಾಳಿನ ಪೇಟೆಯವರು, ಬೀಗರು, ಭಜನೆಯವರು.

"ಬರ್ರಿ, ಎಲ್ಲಾರೂ ಒಳಗ ಬರ್ರಿ! ಅಣ್ಣ ತಮ್ಮನ ಕಾಲು ಮುರ್ಯಾಕತ್ತಾನ, ನೋಡಾಕ ಬರ್ರಿ!" ಧ್ವನಿ ಓಣಿಯ ಆ ತುದಿಗೂ ಕೇಳುತ್ತಿತ್ತು. "ಇದ್ದಾಗ ಚಪ್ಪಲಿ ಸಾಲಿನ್ಯಾಗ ಕುಂದ್ರಿಸಿದ್ರಿ ಭಾವಾರ. ದವಾಖಾನಿಗೆ ಹೊಂಟಾವನ್ನ ಆಟೋದಾಗಿಂದ ಇಳಿಸಿದ್ರಿ. ಮಂದಿ ಮಂದಿ ಅಂತಿದ್ರೆಲ್ಲ, ತಗೋರಿ, ಮಂದಿ ಬಂದಾರ. ಅವರ ಮುಂದನ ಮುರೀರಿ!"

ಬಸವಪ್ರಭುವಿನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಅವನ ಮಗಳ ಬೀಗರು ಹೊಸ್ತಿಲಲ್ಲೇ ನಿಂತಿದ್ದರು. ಹೊಳೆಯಪ್ಪ ಹೆಣದಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡ.

"ಆತು ಬಿಡ್ರಿ," ಎಂದ ಬಸವಪ್ರಭು ಕೊನೆಗೆ, ತಗ್ಗಿದ ಧ್ವನಿಯಲ್ಲಿ. "ಕಾಲ ಮ್ಯಾಲೆ ಒಂದು ಶಾಲರೆ ಹೊಚ್ರಿ."

"ಶಾಲು ಬ್ಯಾಡ," ಎಂದಳು ಉಮಾಶ್ರೀ. ಕೂತು, ಎರಡೂ ಪಾದಕ್ಕೆ ತಾನೇ ವಿಭೂತಿ ಬಳಿದಳು.

ಹೆಣ ಕೂಡಿಸಿ ಹೊತ್ತೊಯ್ಯುವ ವಿಮಾನದ ಮುಂದಿನ ಅಡ್ಡಗೋಲು ಬಿಚ್ಚಿ ಹೊಳೆಯಪ್ಪ ಕಾಲಿಗೆ ಜಾಗ ಮಾಡಿಕೊಟ್ಟ. ಕುಣಿ ಉದ್ದಕ್ಕೆ ತೋಡಲು ರುದ್ರಭೂಮಿಗೆ ಆಳು ಹೋಯಿತು. ವಿಮಾನ ಹೆಗಲಿಗೇರುವಾಗ ಹಿರಿಯನಾದದ್ದರಿಂದ ಬಸವಪ್ರಭುವೇ ಮುಂದೆ ಹೆಗಲು ಕೊಡಬೇಕಾಯಿತು. ಭಜನೆಯವರು ತಾಳ ಬಡಿದರು. ಸಪ್ತಾಪುರದ ರಸ್ತೆಯ ಮೇಲೆ ಶಿವಯೋಗೀಶ ಕಾಲು ಚಾಚಿ ಕೂತು ಹೊರಟ. ಮುಂದಿನ ಇಬ್ಬರ ತಲೆಗಳ ನಡುವೆ ಅವನ ಬೆಳ್ಳಗಿನ ಪಾದಗಳು ಹೊರಗೆ ಬಂದಿದ್ದವು.

ಮೊದಲ ತಗ್ಗಿಗೆ ಹಿಮ್ಮಡಿ ಬಸವಪ್ರಭುವಿನ ಕಿವಿಗೆ ತಾಗಿತು. ಕುತ್ತಿಗೆ ಹೊರಳಿಸಿದ. ಮುಂದಿನ ತಗ್ಗಿಗೆ ಇಡೀ ಅಂಗಾಲು ಕೆನ್ನೆಗೆ ಒತ್ತಿತು. ಬಾಡಿಗೆ ಕೋಣೆಗಳ ಹುಡುಗರು ಗಾಡಿ ನಿಲ್ಲಿಸಿ ಕೈಮುಗಿದರು, ಅಂಗಡಿಯವರು ಎದ್ದು ನಿಂತರು. ಅಷ್ಟೂ ಮಂದಿಯ ಕಣ್ಣೆದುರಿಗೆ ಅವನು ಕೆನ್ನೆಯ ತುಂಬ ತಮ್ಮನ ಕಾಲಿನ ಬೂದಿ ಹೊತ್ತು ನಡೆದ. ಒರೆಸಿಕೊಳ್ಳಲು ಅವನ ಕೈ ಖಾಲಿ ಇರಲಿಲ್ಲ.