ಪೈಪು ಎಳೆಯುವ ಕೆಲಸ

ಗುಟುಕು ನೀರು ಕುಡಿಯಬೇಕಾದರೂ ಪೈಪಣ್ಣ ಗೋಡೆ ಹಿಡಿದುಕೊಳ್ಳುತ್ತಿದ್ದ. ನೀರು ಇಳಿಯುತ್ತಿರಲಿಲ್ಲ. ಕಟ್ಟುಮಸ್ತಾದ ಗಂಡಸು ಕಡ್ಡಿಯಾಗಿದ್ದ.

ಆ ಹೆಸರು ಬಂದದ್ದು ಲಾಂಡ್ರಿಯಲ್ಲಿ. ಕೋಟುಗಳ ಕಲೆ ತೆಗೆಯುವ ಔಷಧಿ ಡ್ರಮ್ಮಿನಲ್ಲಿ ಬರುತ್ತಿತ್ತು. ಅದನ್ನು ಮೆಷೀನಿಗೆ ಇಳಿಸಲು ಪಂಪು ಬೇಕು. ತರಿಸಿದ್ದರೆ ಮಾಲೀಕನ ಗಂಟೇನು ಕರಗುತ್ತಿತ್ತೋ! ಪೈಪಿನ ಒಂದು ತುದಿ ಡ್ರಮ್ಮಿಗೆ, ಇನ್ನೊಂದು ಪೈಪಣ್ಣನ ಬಾಯಿಗೆ. ದಮ್ಮು ಕಟ್ಟಿ ಎಳೆದರೆ ಔಷಧಿ ಹರಿಯುತ್ತಿತ್ತು. ದಿನಾ ಒಂದಿಷ್ಟು ಗಂಟಲಿಗೂ ಇಳಿಯುತ್ತಿತ್ತು.

"ಒಳಗಿನ ಕೊಳೇನೂ ಹೋಯ್ತು ಬಿಡೇ" ಎನ್ನುತ್ತಿದ್ದ. ಅಲ್ಲೇ ಇಸ್ತ್ರಿ ಮಾಡುತ್ತಿದ್ದ ಹೆಂಡತಿ ನಗುತ್ತಿದ್ದಳು.

ಅನ್ನನಾಳದ ಕ್ಯಾನ್ಸರ್ ಅಂತ ಗೊತ್ತಾದಾಗ ಅವಳು ಆಸ್ಪತ್ರೆಯ ಖರ್ಚು ಕೇಳಲು ಮಾಲೀಕನ ಬಳಿ ಹೋದಳು. ಪಕ್ಕದಲ್ಲಿ ಅವನ ಡಾಕ್ಟರು ಕೂತಿದ್ದ.

"ಇದು ಜೀನಿನ ಕಾಯಿಲೆ ಕಣಮ್ಮ. ವಂಶದಲ್ಲೇ ಬಂದಿರುತ್ತೆ. ಡ್ರಮ್ಮೇನು ಮಾಡುತ್ತೆ, ಪಾಪ!" ಅಂದ ಡಾಕ್ಟರು.

"ಕೇಳೋದಿದ್ರೆ ಸತ್ತ ನಿನ್ನ ಮಾವನ್ನ ಕೇಳು" ಅಂದ ಮಾಲೀಕ.

ಖರ್ಚಿನ ಮಾತು ಹಾಳಾಗಿ ಹೋಗಲಿ. ವಂಶ ಎಂಬ ಮಾತು ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು. ಮಗಳು ತುತ್ತು ನುಂಗುವಾಗಲೆಲ್ಲ ಆ ಎಳೆ ಗಂಟಲನ್ನೇ ನೋಡುತ್ತ ಕೂರುತ್ತಿದ್ದಳು.

ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕರೆದು ಹೇಳಿದರು.

"ರಕ್ತಾನೂ ನೋಡಿದ್ವಿ, ಗಡ್ಡೇನೂ ನೋಡಿದ್ವಿ. ರಕ್ತದಲ್ಲಿ ವಂಶದ ದೋಷ ಏನೂ ಸಿಗಲಿಲ್ಲ. ಗಡ್ಡೆಯಲ್ಲಿ ಮಾತ್ರ ಜೀನುಗಳು ಕೆಟ್ಟಿವೆ. ಕ್ರೋಮೋಸೋಮುಗಳು ತುಂಡಾಗಿ ಅಡ್ಡಾದಿಡ್ಡಿ ಅಂಟ್ಕೊಂಡಿವೆ. ಇದು ಹುಟ್ಟಿದ ಮೇಲೆ ಆಗಿದ್ದು."

"ಹಾಗಾದ್ರೆ ನನ್ನ ಮಗಳಿಗೆ?"

"ಈ ಕೆಟ್ಟಿರೋದು ಮಗಳಿಗೆ ಹೋಗಲ್ಲಮ್ಮ. ಏನು ಕೆಲಸ ಮಾಡ್ತಿದ್ರು?"

ಹೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದರು.

"ಬಾಯಲ್ಲಿ ಎಳೀತಿದ್ರಾ? ಅದೇ ಕಾರಣ ಅಂತ ಆಣೆ ಮಾಡಿ ಹೇಳೋಕಾಗಲ್ಲ. ಆದ್ರೆ ಅಂಥದ್ದನ್ನ ಮನುಷ್ಯನ ಬಾಯಿಗೆ ಇಡ್ತಾರೇನಮ್ಮ!"

ಮಗಳು ಉಳಿದಳೆಂದು ಅವಳು ಗೊಳೋ ಎಂದು ಅತ್ತಳು. ಅಳು ಮುಗಿಯುವಷ್ಟರಲ್ಲಿ ಮೈಯೆಲ್ಲ ಉರಿಯತೊಡಗಿತ್ತು.

ಮರುದಿನ ಲಾಂಡ್ರಿಗೆ ಹೋದರೆ ಮಾಲೀಕ ಅವಳ ಮೈದುನನ ಕೈಗೆ ಅದೇ ಪೈಪು ಕೊಡುತ್ತಿದ್ದ. "ಅಣ್ಣನ ಕೆಲಸ ಇನ್ಮೇಲೆ ನಿಂದು. ಎಳಿಯೋ."

ಅವಳು ಪೈಪು ಕಿತ್ತುಕೊಂಡಳು.

"ವಂಶದ ರೋಗ ಅಂದ್ರಲ್ಲ? ಮತ್ತೆ ಅದೇ ವಂಶದವನ ಬಾಯಿಗೆ ಯಾಕೆ ಇಡ್ತೀರಿ? ನಿಮ್ಮ ವಂಶ ಗಟ್ಟಿಯಾಗಿದೆಯಲ್ಲ, ತಗೊಳ್ಳಿ. ನೀವು ಎಳೀರಿ."

ಇಸ್ತ್ರಿಗಳು ನಿಂತವು. ಮೆಷೀನಿನವನು ಸ್ವಿಚ್ಚು ಆರಿಸಿದ.

"ಎಳೀರಿ ಸ್ವಾಮಿ" ಅಂದ ಮೈದುನ. "ಎಳೀರಿ, ನೋಡೋಣ!" ಹಿಂದಿನಿಂದ ಹೆಂಗಸರೂ ಕೂಗಿದರು.

ಅವಳು ಪೈಪಿನ ತುದಿಯನ್ನು ಅವನ ಮುಖದ ಹತ್ತಿರ ಹಿಡಿದಳು. ಮಾಲೀಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹಿಂದೆ ಸರಿದ.

ಅಷ್ಟು ಜನವೂ ಅದನ್ನು ಕಣ್ಣಾರೆ ನೋಡಿದರು. ಆಮೇಲೆ ಆ ಪೈಪಿಗೆ ಯಾರೂ ಬಾಯಿ ಇಡಲಿಲ್ಲ.