ಟಗರು ಸೈಕಲ್ಲಿನ ಮೇಷ್ಟ್ರು

ಅಂದಾನಯ್ಯ ಇಸ್ಕೂಲು ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ವೀಳ್ಯ ಕೊಟ್ಟು ಕರೆದ ಊರಿಗೆಲ್ಲ ಹೋಗಿ, ಗುಡಿಯ ಜಗಲಿ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಬಿಚ್ಚಿ ಕೂತು, ಗುದ್ದಲಿ ಹಿಡಿಯುವ ಕೈಗೆ ಗದೆ ಹಿಡಿಸಿ, ಹಾಲು ಕರೆಯುವವನ ಬಾಯಲ್ಲಿ ಕಂದಪದ್ಯ ಹಾಡಿಸಿ, ಒಂದು ನಾಟಕ ಎಬ್ಬಿಸಿಯೇ ಮನೆಗೆ ಬರುವುದು ಅವನ ಕಸುಬು. ಪಾಲಹಳ್ಳಿಯಲ್ಲಿ ಅವನು ಕಲಿಸಿದ ಭೀಮ ಇದ್ದ. ಮಾಕವಳ್ಳಿಯಲ್ಲಿ ಕಬ್ಬಿನ ಗಾಡಿ ಹೊಡೆಯುವ ದುರ್ಯೋಧನ ಇದ್ದ. ಆದರೂ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಜನ ದೂರದಿಂದಲೇ ಅವನ ಗುರುತು ಹಿಡಿಯುತ್ತಿದ್ದುದು ಅವನ ಸೈಕಲ್ಲಿನಿಂದ.

ಆ ಸೈಕಲ್ಲು ನಮ್ಮ ದೇಶದ್ದಲ್ಲ. ಎಪ್ಪತ್ತೊಂಬತ್ತರಲ್ಲಿ ಫ್ರಾನ್ಸಿನವನೊಬ್ಬ ಊರೂರು ಸುತ್ತುತ್ತ ಶ್ರೀರಂಗಪಟ್ಟಣಕ್ಕೆ ಬಂದು, ಹೊಳೆ ದಂಡೆಯ ಛತ್ರದಲ್ಲಿ ಕಾಮಾಲೆ ಹಿಡಿದು ಮಲಗಿಬಿಟ್ಟಿದ್ದ. ಅದೇ ಛತ್ರದಲ್ಲಿ ನಾಟಕ ಕಲಿಸುತ್ತಿದ್ದ ಅಂದಾನಯ್ಯ ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ ಅವನಿಗೆ ಕುಡಿಸಿದ. ಎದ್ದು ಓಡಾಡುವಂತಾಗಿ ತನ್ನ ದೇಶಕ್ಕೆ ವಾಪಸ್ ಹೊರಟ ದಿನ ಆ ಮನುಷ್ಯ ಸೈಕಲ್ಲನ್ನು ಇವನ ಕೈಗೆ ಕೊಟ್ಟ. ಹಾರ್ಮೋನಿಯಂ ಕಡೆ ಕೈ ತೋರಿಸಿದ, ಹಿಂದಿನ ಕ್ಯಾರಿಯರ್ ತಟ್ಟಿದ, ನಕ್ಕ, ಹೋದ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ನಡೆದ ಸ್ನೇಹ ಅದು.

ತೆಳ್ಳನೆ ಚಕ್ರ, ಹಿಂದೆ ಚೈನು ಓಡುವ ಐದು ಹಲ್ಲುಬಿಲ್ಲೆ, ಕೆಳಗಿನ ಪೈಪಿನ ಮೇಲೆ ಗೇರು ಬದಲಾಯಿಸುವ ಎರಡು ಪುಟ್ಟ ಕಡ್ಡಿ. ಇವೆಲ್ಲ ಒಂದು ತೂಕವಾದರೆ ಅದರ ಹ್ಯಾಂಡಲ್ಲೇ ಒಂದು ತೂಕ. ಮುಂದಕ್ಕೆ ಚಾಚಿ, ಕೆಳಕ್ಕೆ ಸುತ್ತಿ, ಹಿಂದಕ್ಕೆ ತಿರುಗಿದ ಎರಡು ಕೊಂಬು. ನೋಡಿದವರು ಟಗರು ಸೈಕಲ್ಲು ಅಂತ ಹೆಸರಿಟ್ಟರು. ಮೇಷ್ಟ್ರು ಕೊಂಬು ಹಿಡಿದು ಬಗ್ಗಿ ಬಂದರೆ ಊರ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದವು.

ಓಡದೆ ಕೂತು ಹೋಗುತ್ತಿದ್ದವನು ತಿಮ್ಮೇಶ ಒಬ್ಬನೇ. ಅಂದಾನಯ್ಯನ ತಂಗಿ ಬೀರಮ್ಮನ ಮಗ. ಮದುವೆಯಾಗದ ಮಾವ ಇವರ ಮನೆಯಲ್ಲೇ ಇದ್ದ. ಆರು ವರ್ಷದ ಹುಡುಗನನ್ನು ಟವೆಲ್ ಸುತ್ತಿದ ಮುಂದಿನ ಪೈಪಿನ ಮೇಲೆ ಕೂರಿಸಿಕೊಂಡು, ಕೊಂಬಿನ ಮೇಲುಭಾಗ ಹಿಡಿಸಿ, ತಾನು ಕೆಳಭಾಗ ಹಿಡಿದು ಹೊರಟನೆಂದರೆ ಮಾವನ ಗಲ್ಲ ಹುಡುಗನ ನೆತ್ತಿಗೆ ತಾಗುತ್ತಿತ್ತು. ಎಲೆ ಅಡಿಕೆಯ ವಾಸನೆ, ಎದುರು ಗಾಳಿ, ನಾಲೆ ಏರಿಯ ಮೇಲೆ ಕಿರ್ರನೆ ಓಡುವ ಚಕ್ರ. ದೊಡ್ಡವನಾದ ಮೇಲೆ ತಿಮ್ಮೇಶನಿಗೆ ಯಾವ ಬಸ್ಸೂ, ಯಾವ ಬೈಕೂ ಅಷ್ಟು ಜೋರು ಅನ್ನಿಸಲಿಲ್ಲ.

ಈಗ ತಿಮ್ಮೇಶನಿಗೆ ಇಪ್ಪತ್ತೆರಡು. ಎಂಟನೇ ಕ್ಲಾಸಿನಲ್ಲಿ ಬಿಟ್ಟುಹೋದ ಅಪ್ಪನ ಹೆಸರೆತ್ತಿ ಯಾರೋ ಬೈದರು ಅಂತ ಚೀಲ ಬಿಸಾಡಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಪಾಂಡವಪುರದಲ್ಲಿ ಚಲುವರಾಜುವಿನ ಸೈಕಲ್ ಶಾಪಿನಲ್ಲಿ ಕೆಲಸ. ಕೆಲಸದಲ್ಲಿ ಕೈ ಚುರುಕು, ಸಿಟ್ಟಿನಲ್ಲಿ ಅದಕ್ಕಿಂತ ಚುರುಕು.

ಈ ವರ್ಷ ದೀಪಾವಳಿ ಕಳೆದ ಮೇಲೆ ಮಾವನ ಕತ್ತು ಹಿಡಿದುಕೊಂಡಿತು. ಬಗ್ಗಿದರೆ ತಲೆ ಮೇಲೆತ್ತಲಾಗದು, ತಲೆ ಎತ್ತಿದರೆ ತೋಳೆಲ್ಲ ಜೋಮು. ಕತ್ತಿನ ಮೂಳೆ ಸವೆದಿದೆ, ಇನ್ನು ಬಗ್ಗಿ ಸೈಕಲ್ ತುಳಿಯಬೇಡಿ ಅಂದರು ಡಾಕ್ಟರು. ಅಷ್ಟರಲ್ಲಿ ಹೊಣಕೆರೆಯ ಯಜಮಾನ ಚಲುವಯ್ಯನಿಂದ ಮಾವ ವೀಳ್ಯ ಹಿಡಿದಾಗಿತ್ತು. ವೀಳ್ಯ ಹಿಡಿದ ಮೇಲೆ, ಗೊತ್ತಾದ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ತನ್ನ ಪೆಟ್ಟಿಗೆಯನ್ನು ತಾನೇ ತಂದು ಜಗಲಿ ಮೇಲೆ ಇಡಬೇಕು. ತಪ್ಪಿದರೆ ಅದೇ ವೀಳ್ಯ ಇನ್ನೊಬ್ಬ ಮೇಷ್ಟ್ರ ಕೈಗೆ ಹೋಗುತ್ತದೆ. ವೀಳ್ಯ ಹಿಡಿದೂ ಹೋಗದ ಮೇಷ್ಟ್ರನ್ನು ಆಮೇಲೆ ಯಾವ ಊರೂ ಕರೆಯುವುದಿಲ್ಲ.

"ಬಸ್ಸಲ್ಲಿ ಓಗಣ್ಣ," ಅಂದಳು ಬೀರಮ್ಮ.

"ಬಸ್ಸಾ? ವಾದ ಸಲ ಪೆಟ್ಟಿಗೆ ಎತ್ತಿ ಟಾಪ್ ಮೇಲೆ ಆಕ್ದ ಆ ಕಂಡಕ್ಟ್ರು. ಇಳಿಸ್ದಾಗ ಎರಡು ಸ್ವರ ಉದುರೋಗಿದ್ವು. ಸ ಆದ್ಮೇಕೆ ರಿ, ರಿ ಆದ್ಮೇಕೆ ಸೀದಾ ಪ. ಭೀಮ ಯಾವ ಶ್ರುತೀಲಿ ಬೈಬೇಕು?"

ತಿಮ್ಮೇಶ ಎದ್ದು ನಿಂತ. "ಮಾವೋ, ಕೊಂಬು ಕಿತ್ತು ಹಿಂದಕ್ಕೆ ಬಾಗಿರೋ ಹ್ಯಾಂಡಲ್ ಆಕ್ಬುಡ್ತೀನಿ. ನೆಟ್ಟಗೆ ಕುಂತ್ಕೊಂಡು ಓಗು. ಯಾವನ್ಗೂ ಕೈ ಮುಗಿಯೋದ್ ಬ್ಯಾಡ."

ಮಾವ ಗೋಡೆಗೊರಗಿದ್ದ ಸೈಕಲ್ಲನ್ನು ನೋಡಿದ. "ಕೊಂಬು ಕಿತ್ರೆ ಟಗರು ಏನ್ಲಾ ಆಯ್ತದೆ?"

"ಕುರಿ ಆಯ್ತದೆ," ಅಂದಳು ಬೀರಮ್ಮ, ರಾಗಿ ಕೇರುತ್ತ. "ನೀ ಮನೇಲಿ ಕುಂತ್ರೆ ನೀನೂ ಅದೇ ಆಗೋದು. ಬುಡು, ಮಾಡ್ಲಿ."

ಮಾರನೇ ದಿನವೇ ತಿಮ್ಮೇಶ ಸೈಕಲ್ಲನ್ನು ಶಾಪಿಗೆ ತಂದು ಕೊಂಬಿನ ಬಟ್ಟೆ ಬಿಚ್ಚತೊಡಗಿದ. ಕೈ ಜಾರದಿರಲಿ ಅಂತ ಮಾವ ಪ್ರತಿ ನಾಟಕ ಮುಗಿದ ಮೇಲೆ ಹರಿದ ವೇಷದ ಮಖಮಲ್ಲನ್ನು ಪಟ್ಟಿಪಟ್ಟಿಯಾಗಿ ಹರಿದು ಅದಕ್ಕೆ ಸುತ್ತುತ್ತಿದ್ದ. ಮೇಲಿನ ಪದರ ನೀಲಿ, ಪಾಲಹಳ್ಳಿಯ ಕೃಷ್ಣನದು. ಅದರ ಕೆಳಗೆ ಮಾಕವಳ್ಳಿಯ ಕೆಂಪು, ಇನ್ನೂ ಒಂದೆರಡು ಜರಿ ಎಳೆ ಉಳಿದಿದ್ದವು. ಅದರ ಕೆಳಗೆ ಹಸಿರು, ಅದರ ಕೆಳಗೆ ಬಣ್ಣವೇ ಗೊತ್ತಾಗದ ಒಂದು. ಬಿಚ್ಚಿದಷ್ಟೂ ತಿಮ್ಮೇಶ ಚಿಕ್ಕವನಾಗುತ್ತ ಹೋದ. ಕಟ್ಟಕಡೆಯಲ್ಲಿ, ಬೆವರಿಗೆ ಕಪ್ಪಾದ ಫ್ರಾನ್ಸಿನವನ ನೂಲು ಪಟ್ಟಿ. ಆರು ವರ್ಷದ ಕೈ ಹಿಡಿದಿದ್ದುದು ಅದನ್ನೇ. ಅವನು ಎಲ್ಲವನ್ನೂ ಸುತ್ತಿ ಚೀಲಕ್ಕೆ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ಸ್ಪ್ಯಾನರ್ ಎತ್ತಿದ.

ಕೊಂಬು ಕಳಚಿ ಬಂತು. ಹೊಸ ಹ್ಯಾಂಡಲ್ಲು ಒಳಕ್ಕೆ ಹೋಗಲಿಲ್ಲ. ನಮ್ಮ ಹ್ಯಾಂಡಲ್ಲಿನ ಒಳಗಿಳಿಯುವ ಕಾಂಡ ಆ ಸೈಕಲ್ಲಿನ ತೂತಿಗಿಂತ ಒಂದು ಕೂದಲೆಳೆ ದಪ್ಪ.

"ಫ್ರಾನ್ಸಿನ ತೂತು ಕಣ್ಲಾ," ಅಂದ ಚಲುವರಾಜು, ಬೀಡಿ ಕಚ್ಚಿಕೊಂಡೇ. "ಬಡೀಬ್ಯಾಡ, ಉಜ್ಜು."

ತಿಮ್ಮೇಶ ಬಡಿದ. ಮೂರನೇ ಏಟಿಗೆ ಕಾಂಡ ಒಂದು ಬೆರಳಷ್ಟು ಒಳಕ್ಕೆ ಹೋಗಿ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಓದ್ಲಾ ಅಂದ್ರೆ ಓದ್ಲಿಲ್ಲ, ಬಡೀಬ್ಯಾಡ ಅಂದ್ರೆ ಬಡೀತೀಯ. ನಿಮ್ಮಪ್ಪ ನಿಂಗೆ ಕಿವಿ ಯಾಕ್ ಇಕ್ಸಿದ್ನೋ!"

"ನಮ್ಮಪ್ಪನ್ ಸುದ್ದಿ ಬ್ಯಾಡ!"

"ಆಯ್ತು ಕಣಪ್ಪ ಧರ್ಮರಾಯ. ಸೀಮೆಎಣ್ಣೆ ತತ್ತಾ."

ಎಣ್ಣೆ ಬಿಟ್ಟು, ಮುಂದಿನ ಚಕ್ರವನ್ನು ಚಲುವರಾಜು ಮೊಣಕಾಲ ಸಂದಿಯಲ್ಲಿ ಅದುಮಿ ಹಿಡಿದು, ತಿಮ್ಮೇಶ ತಿರುಚಿ ತಿರುಚಿ ಎಳೆದ ಮೇಲೆ ಕಾಂಡ ಕಳಚಿತು. ಆಮೇಲೆ ಕೂತು ಎಮರಿ ಕಾಗದದಲ್ಲಿ ಉಜ್ಜಿದ. ಬಾಯಿ ಮುಚ್ಚಿಕೊಂಡು, ಬೆರಳೆಲ್ಲ ಕಪ್ಪಾಗುವ ತನಕ ಉಜ್ಜಿದ ಮೇಲೆ ಅದು ಬೆಣ್ಣೆಯಂತೆ ಇಳಿಯಿತು.

ಮುಂದಿನ ಕಾಟ ಬ್ರೇಕಿನದು. ನಮ್ಮ ಸೈಕಲ್ಲಿಗೆ ಬ್ರೇಕು ಹಿಡಿಸುವುದು ಕಬ್ಬಿಣದ ಸರಳು, ಆ ಸೈಕಲ್ಲಿಗೆ ವೈರು. ಕೊಂಬಿನ ಮೇಲಿದ್ದ ಹಳೇ ಬ್ರೇಕ್ ಹಿಡಿ ಈ ಹ್ಯಾಂಡಲ್ಲಿಗೆ ಕೂರುವುದಿಲ್ಲ. ಮೊಪೆಡ್ಡಿನ ಹಿಡಿ ತಂದು ಹಾಕಿ ನೋಡಿದ. ಪೂರ್ತಿ ಅದುಮಿದರೂ ವೈರು ಸಾಕಷ್ಟು ಎಳೆಯದೆ, ರಬ್ಬರು ಚಕ್ರವನ್ನು ಸವರಿ ಸುಮ್ಮನಾಯಿತು. ಗೇರಿನ ಕಡ್ಡಿಗಳನ್ನೂ ಮೇಲಕ್ಕೆ ತರಬೇಕಿತ್ತು, ಬಗ್ಗಿ ಅವನ್ನು ಮುಟ್ಟುವುದು ಮಾವನಿಗೆ ಇನ್ನು ಆಗದ ಮಾತು. ಅವನ್ನು ಬಿಗಿಯುವ ಪಟ್ಟಿ ಸಡಿಲವೆಂದು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಒಳಗೆ ಕೊಟ್ಟು ಹ್ಯಾಂಡಲ್ಲಿಗೆ ಬಿಗಿದ. ವೈರು ಗಿಡ್ಡವಾಯಿತು, ಮೊಪೆಡ್ಡಿನ ಆಕ್ಸಿಲರೇಟರ್ ವೈರು ಎಳೆದ. ಬ್ರೇಕಿಗೆ ಮಾತ್ರ ದಾರಿ ಕಾಣಲಿಲ್ಲ.

ಶನಿವಾರ ಹಳೇ ಹಿಡಿಯ ಅಳತೆಗೆಂದು ಕೊಂಬನ್ನು ಹೆಗಲಿಗೆ ಹಾಕಿಕೊಂಡು ಶ್ರೀರಂಗಪಟ್ಟಣದ ಗುಜರಿಗೆ ಹೋದ. ಅಲ್ಲಿ ಒಂದು ಮುರಿದ ಹುಡುಗರ ಗೇರ್ ಸೈಕಲ್ಲು ಇತ್ತು. ಅದರ ಎರಡು ಹಿಡಿಗಳೂ ವೈರಿನವು, ಹೇಳಿ ಮಾಡಿಸಿದ ಹಾಗಿದ್ದವು. ಗುಜರಿಯವನ ಕಣ್ಣು ಕೊಂಬಿನ ಮೇಲೆ ಬಿತ್ತು.

"ದುಡ್ಡು ಬ್ಯಾಡ. ಮೈಸೂರಲ್ಲಿ ರೇಸ್ ಹುಡುಗ್ರು ಇಂತಾದ್ದು ಕೇಳ್ತಾವ್ರೆ. ಇದ ಕೊಟ್ಟು ಅದ ತಕೊಂಡೋಗು."

"ಆಗಕಿಲ್ಲ."

"ಆಗ್ದಿದ್ರೆ ಬುಡು. ಹಿಡೀನೂ ಇಲ್ಲೇ ಇರ್ಲಿ."

ತಿಮ್ಮೇಶ ಬೀದಿ ತುದಿಯವರೆಗೆ ಹೋದ. ನಿಂತ. ಸೋಮವಾರಕ್ಕೆ ಉಳಿದಿದ್ದುದು ಒಂದೇ ದಿನ. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟಿನಿಂದ ವಾಪಸ್ ಬಂದು ಕೊಂಬನ್ನು ತಕ್ಕಡಿ ಮೇಲೆ ಕುಕ್ಕಿ, ಹಿಡಿ ಕಿತ್ತುಕೊಂಡು ಬಸ್ಸು ಹತ್ತಿದ. ಬಸ್ಸು ಹೊಳೆ ದಾಟುವಾಗ ಅವನು ಛತ್ರದ ಕಡೆ ತಿರುಗಿ ನೋಡಲಿಲ್ಲ.

ಭಾನುವಾರ ಬ್ರೇಕು ಕಚ್ಚಿತು, ಗೇರು ಬಿತ್ತು. ತಿಮ್ಮೇಶ ಬೀದಿಯಲ್ಲಿ ಒಂದು ಸುತ್ತು ಹೊಡೆದು ತೋರಿಸಿ, ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು ಸೈಕಲ್ಲನ್ನು ಮಾವನ ಕೈಗೆ ಕೊಟ್ಟ. ಮಾವ ಹತ್ತಿ ಎರಡು ತುಳಿತ ತುಳಿದನೋ ಇಲ್ಲವೋ, ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತು. ಸೈಕಲ್ಲು ಅತ್ತ ವಾಲಿ ಇತ್ತ ವಾಲಿತು. ತಿಮ್ಮೇಶ ಓಡಿ ಪೆಟ್ಟಿಗೆ ತಬ್ಬಿದ, ಮಾವ ಕಾಲೂರಿ ನಿಂತ. ಪೆಟ್ಟಿಗೆಯೊಳಗಿಂದ ಒಂದು ನರಳಿಕೆ ಬಂತು.

ಮಾವ ಸೈಕಲ್ಲಿನಿಂದ ಇಳಿದ. "ಬ್ಯಾಡ ಕಣ್ಲಾ. ನೋವಾದ್ರೆ ಆಯ್ತದೆ. ಕೊಂಬು ತಂದು ಆಕು."

ತಿಮ್ಮೇಶ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದ.

"ಕೊಂಬು ತತ್ತಾ ಅಂದೆ."

"ಇಲ್ಲ ಮಾವ. ಹಿಡಿಗೆ ಬದ್ಲಾಗಿ ಗುಜರಿಯವ್ನಿಗೆ ಕೊಟ್ಬುಟ್ಟೆ."

ಬೈಯಲಿ, ಹೊಡೆಯಲಿ, ಚಪ್ಪಲಿ ತೆಗೆದುಕೊಳ್ಳಲಿ ಅಂತ ತಿಮ್ಮೇಶ ಕಾದ. ಮಾವ ಜಗಲಿ ಮೇಲೆ ಕೂತು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದ್ದು ಒಂದೇ: "ಸುತ್ತಿದ್ ಬಟ್ಟೆ?"

"ಚೀಲದಲ್ಲೈತೆ."

"ಊಂ."

ಆ ಊಂ ಹೊಡೆತಕ್ಕಿಂತ ಹೆಚ್ಚಾಯಿತು. ತಿಮ್ಮೇಶ ಸೈಕಲ್ಲಿಗೆ ಒದೆಯಲು ಕಾಲೆತ್ತಿದ. ಒಳಗಿಂದ ಬೀರಮ್ಮ ಬಂದಳು.

"ಅದ್ಯಾಕ್ ಒದೀತೀಯ, ಅದೇನ್ ಮಾಡ್ತು? ಗಾಡೀಲಿ ಇಂದಕ್ಕೆ ಬಾರ ಬಿದ್ದು ಮುಂದ್ಲ ಮೂಕಿ ಎತ್ಕೊಂಡ್ರೆ ಏನ್ ಮಾಡ್ತಾರ್ಲಾ? ಮೂಟೆ ಮುಂದಕ್ಕೆಳೀತಾರೆ. ಗಾಡಿಗೆ ಒದೀತಾರಾ?"

ತಿಮ್ಮೇಶ ಕಾಲು ಇಳಿಸಿದ. ಅವ್ವ ಹೇಳಿದ್ದು ಸರಿ. ಮಾವ ಕೊಂಬಿನ ಮೇಲೆ ಬಗ್ಗಿದ್ದಾಗ ಅವನ ಮೈಭಾರವೇ ಮುಂದೆ ಬಿದ್ದು ಪೆಟ್ಟಿಗೆಗೆ ಸಮನಾಗುತ್ತಿತ್ತು. ನೆಟ್ಟಗೆ ಕೂತ ಮೇಲೆ ಮಾವನ ಭಾರ, ಪೆಟ್ಟಿಗೆಯ ಭಾರ ಎರಡೂ ಹಿಂದಾದವು. ಶಾಪಿನ ಮೂಲೆಯಲ್ಲಿ ಬಿದ್ದಿದ್ದ, ಬ್ರೆಡ್ಡು ಮಾರುವವನ ಹಳೇ ಸೈಕಲ್ಲಿನ ಮುಂದಿನ ಕ್ಯಾರಿಯರ್ ತರಲು ಅವನು ಓಡಿದ. ಚಲುವರಾಜು ಭಾನುವಾರದ ಬಾಡೂಟ ಬಿಟ್ಟು ಎದ್ದು ಬಂದು, ಬೈಯುತ್ತಲೇ ಬಾಗಿಲು ತೆಗೆದ. ಫ್ರಾನ್ಸಿನ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿದ್ದ ಕಾಲುಗಳ ಬುಡದಲ್ಲಿ ಒಂದೊಂದು ಸಣ್ಣ ತೂತಿತ್ತು, ಕ್ಯಾರಿಯರಿನ ಕಾಲು ಅಲ್ಲಿ ಕೂತಿತು. ಪೆಟ್ಟಿಗೆ ಕಬ್ಬಿಣಕ್ಕೆ ತಾಗಿ ಅದುರದ ಹಾಗೆ ಮಾವ ತಾನೇ ಕೂತು ಅದರ ಸರಳುಗಳಿಗೆ ನೀಲಿ, ಕೆಂಪು, ಹಸಿರು ಪಟ್ಟಿ ಸುತ್ತಿದ.

ಸೋಮವಾರ ಮಧ್ಯಾಹ್ನ ಹೊರಟರು. ಮಾವ ಮುಂದೆ, ತಿಮ್ಮೇಶ ಶಾಪಿನ ಬಾಡಿಗೆ ಸೈಕಲ್ಲಿನಲ್ಲಿ ಹಿಂದೆ. ಪೆಟ್ಟಿಗೆ ಮಾವನ ಕಣ್ಣೆದುರಿಗೇ, ಅಲುಗದೆ ಕೂತಿತ್ತು. ದಾರಿಯ ಮೊದಲ ಊರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಮಕ್ಕಳು ಗೋಲಿ ಆಡುತ್ತಲೇ ಇದ್ದವು. ಎರಡನೇ ಊರಲ್ಲೂ ಅಷ್ಟೇ. ಯಾವನೋ ಮುದುಕ ಸೈಕಲ್ಲಿನಲ್ಲಿ ಸಾಮಾನು ಸಾಗಿಸುತ್ತಿದ್ದಾನೆ, ಅಷ್ಟೇ. ನೋಡ್ರಲಾ, ಟಗರು ಸೈಕಲ್ ಮೇಷ್ಟ್ರು ಹೋಗ್ತಾವ್ರೆ ಅಂತ ಕೂಗಬೇಕೆನಿಸಿತು ತಿಮ್ಮೇಶನಿಗೆ. ಕೂಗಿ ತೋರಿಸಲು ಟಗರೆಲ್ಲಿತ್ತು? ಗಾಳಿಯನ್ನು ಸೀಳಿಕೊಂಡು ಹೋಗುತ್ತಿದ್ದ ಆ ಮನುಷ್ಯನನ್ನು ತನ್ನ ಕೈಯಾರೆ ಬಿಚ್ಚಿ, ತಕ್ಕಡಿಗೆ ಹಾಕಿ ಬಂದಿದ್ದೇನೆ ಅನ್ನಿಸಿತು.

ಜಕ್ಕನಹಳ್ಳಿ ಕಡೆಯ ಏರು ಹತ್ತಿ ಆದ ಮೇಲೆ ಮಾವ ಸೈಕಲ್ಲು ನಿಧಾನ ಮಾಡಿದ. ಕತ್ತು ನೋಯುತ್ತಿದೆಯೇನೋ ಅಂತ ತಿಮ್ಮೇಶ ಹತ್ತಿರ ಬಂದ.

"ಆ ಬೆಟ್ಟ ಅಲ್ಲೇ ಇತ್ತೇನ್ಲಾ?" ಅಂದ ಮಾವ.

"ಇನ್ನೆಲ್ಲಿರ್ತದೆ?"

"ಇಷ್ಟ್ ವರ್ಷ ಈ ದಾರೀಲಿ ಟಾರು, ಚಕ್ರ, ಎತ್ತಿನ ಸಗಣಿ, ಇಷ್ಟೇ ಕಣ್ಲಾ ನಾ ನೋಡಿರೋದು." ಹೊಲದಲ್ಲಿ ಹುರುಳಿ ಕೀಳುತ್ತಿದ್ದ ಹೆಂಗಸರತ್ತ ಒಂದು ಕೈ ಎತ್ತಿದ, ಅವರೂ ಎತ್ತಿದರು. ಆಮೇಲೆ ಎದೆ ತುಂಬ ಉಸಿರು ಎಳೆದು, ಸೈಕಲ್ಲು ತುಳಿಯುತ್ತಲೇ ಒಂದು ಕಂದಪದ್ಯ ಎತ್ತಿಕೊಂಡ. ಮಾವ ಸೈಕಲ್ಲಿನ ಮೇಲೆ ಹಾಡಿದ್ದನ್ನು ತಿಮ್ಮೇಶ ಒಮ್ಮೆಯೂ ಕೇಳಿರಲಿಲ್ಲ. ಕೊಂಬಿನ ಮೇಲೆ ಬಗ್ಗಿದವನ ಎದೆಯಲ್ಲಿ ಹಾಡಿಗೆ ಜಾಗವೆಲ್ಲಿತ್ತು! ದನಿ ಹೊಲದ ಮೇಲೆ ಹಾಸಿಕೊಂಡು ಹೋಯಿತು. ಎದುರಿಗೆ ಬಂದ ಟ್ರಾಕ್ಟರಿನವನು ಪಕ್ಕಕ್ಕೆ ನಿಲ್ಲಿಸಿ ಇಂಜಿನ್ನು ಆಫ್ ಮಾಡಿದ.

ಹೊಣಕೆರೆಯಲ್ಲಿ ದೀಪ ಇನ್ನೂ ಹಚ್ಚಿರಲಿಲ್ಲ. ಯಜಮಾನ ಚಲುವಯ್ಯ ಊರ ಮುಂದೆಯೇ ಬಂದು ನಿಂತಿದ್ದ. "ಬನ್ನಿ ಮೇಷ್ಟ್ರೆ. ಕೆರೆ ಏರಿ ತಾವಿಂದ್ಲೇ ನಿಮ್ ಪದ ಕೇಳುಸ್ತಿತ್ತು."

ಮಾವ ಪೆಟ್ಟಿಗೆ ಬಿಚ್ಚಿ, ತಾನೇ ಎತ್ತಿಕೊಂಡು ಹೋಗಿ ಜಗಲಿ ಮೇಲೆ ಇಟ್ಟ. ತಿರುಗಿ, "ನಿಲ್ಸಿ ಬಾರ್ಲಾ ತಿಮ್ಮ, ನೀರು ಕುಡಿ," ಅಂದ. ಎರಡು ದಿನದಲ್ಲಿ ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ತಿಮ್ಮೇಶ ಸೈಕಲ್ಲನ್ನು ಗೋಡೆಗೆ ಒರಗಿಸಿ ಹಿಡಿಗಳನ್ನು ಒಮ್ಮೆ ಅದುಮಿ ನೋಡಿದ. ಮಕ್ಕಳೆಲ್ಲ ಅವನನ್ನು ದಾಟಿಕೊಂಡು ಪೆಟ್ಟಿಗೆಯ ಸುತ್ತ ಮುತ್ತಿಕೊಂಡವು. ಜಗಲಿ ಕೆಳಗೆ ಕೂತಿದ್ದ ಒಬ್ಬ ಅಜ್ಜ ಕಣ್ಣು ಕಿರಿದು ಮಾಡಿ ಸೈಕಲ್ಲು ನೋಡಿದ.

"ಮೇಷ್ಟ್ರುದು ಏನೋ ವಿಚಿತ್ರದ್ ಸೈಕಲ್ಲು ಅಂತಿದ್ರು. ಇದು ಸಾದಾದು."

ತಿಮ್ಮೇಶನ ಬಾಯಿಗೆ ಕೆಟ್ಟ ಮಾತು ಬಂತು. ಅಷ್ಟರಲ್ಲಿ ಮೇಲೆ ಮಾವ ಪೆಟ್ಟಿಗೆಯ ತಿದಿಯೊತ್ತಿ ಶ್ರುತಿ ಹಿಡಿದ.

"ಊಂ ಕಣಜ್ಜ," ಅಂದ ತಿಮ್ಮೇಶ. "ಸಾದಾದೇ."