ಮೋಹನವೋ ಕಾಂಭೋಜಿಯೋ

"ಇನ್ನೊಂದ್ ಸಲ ಒತ್ತಮ್ಮ. ಸ್ವಲ್ಪ ಗಟ್ಟಿಯಾಗ್ ಒತ್ತು," ಎಂದರು ತೀರ್ಥಪ್ಪ.

ಗಟ್ಟಿಯಾಗಿ ಒತ್ತಿದರೆ ಕಂಪ್ಯೂಟರಿಗೆ ಬುದ್ಧಿ ಬರುವುದಿಲ್ಲವೆಂದು ಸೊಸೆ ಅಶ್ವಿನಿಗೆ ಗೊತ್ತಿತ್ತು. ಆದರೂ ಮಾವನ ಸಮಾಧಾನಕ್ಕೆ ಮೌಸನ್ನು ಟಕಟಕ ಅನ್ನಿಸಿದಳು. ಪರದೆ ಕಪ್ಪಾಯಿತು. ನಡುವೆ ಬಿಳಿಯದೊಂದು ಉಂಗುರ ಗಿರಗಿರನೆ ತಿರುಗಿತು. ಆಮೇಲೆ ಬೆಳಗಿನಿಂದ ಬರುತ್ತಿದ್ದ ಅದೇ ಇಂಗ್ಲಿಷ್ ಸಾಲು ಬಂದು ಕೂತಿತು.

"ಏನಂತೆ?"

"ಈ ವಿಡಿಯೋ ತೆಗೆಯೋಕಾಗಲ್ವಂತೆ ಮಾವ."

"ಹೋದ ವರ್ಷ ತೆಗೀತಿತ್ತಲ್ಲ!"

"ಆಗ ಹಳೇ ಪ್ಲೇಯರ್ ಇತ್ತು. ಮೊನ್ನೆ ಅಪ್‌ಡೇಟ್ ಆದಾಗ ಅದನ್ನ ಮೂಲೆಗೆ ತಳ್ಳಿ ಹೊಸದು ಬಂದು ಕೂತ್ಕೊಂಡೈತೆ. ಹೊಸದಕ್ಕೆ ಹಳೇ ವಿಡಿಯೋ ಓದೋಕೆ ಬರಲ್ಲ."

"ನಮ್ಮನ್ನ ಒಂದ್ ಮಾತು ಕೇಳ್ದೇನೇ?"

ಅದು ಕೇಳಿತ್ತು. ದಿನಾ ಕೇಳುತ್ತಿತ್ತು. ಒಲೆಯ ಮೇಲೆ ಕುಕ್ಕರ್ ಕೂಗುತ್ತಿದ್ದಾಗ ಕಾಟ ತಾಳಲಾರದೆ 'ಆಗಲಿ ಹೋಗು' ಎಂದು ಒತ್ತಿದವಳು ಅಶ್ವಿನಿಯೇ. ಯಗಟಿಯ ಹಾಲಿನ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸು ತನ್ನ ಮನೆಯ ಕಂಪ್ಯೂಟರನ್ನೇ ಹೀಗೆ ಮಾಡಿಟ್ಟಳೆಂದು ಊರಿಗೆ ಗೊತ್ತಾದರೆ, ಹಾಲು ಹಾಕಲು ಬರುವವರೆಲ್ಲ ನಾಳೆ ಬೆಳಿಗ್ಗೆ ನಗುತ್ತ ಬರುತ್ತಾರೆ.

ನಗುವವರು ನಗಲಿ. ಅವಳ ಚಿಂತೆ ಬೇರೆ ಇತ್ತು. ದೇವನೂರಿನಿಂದ ಓಂಕಾರೇಶಪ್ಪ ಹೊರಟಾಗಿತ್ತು.

ತೀರ್ಥಪ್ಪ ಓದುವುದು, ಓಂಕಾರೇಶಪ್ಪ ಅರ್ಥ ಹೇಳುವುದು. ಅಶ್ವಿನಿ ಈ ಮನೆಗೆ ಬರುವ ಎಷ್ಟೋ ಮೊದಲಿನಿಂದ ಶ್ರಾವಣದ ಸೋಮವಾರಗಳಲ್ಲಿ ಯಗಟಿಯ ಪುರಾಣ ಇಲ್ಲಿ ನಡೆಯುತ್ತಿದ್ದುದು ಹಾಗೆಯೇ. ಇವರು ಷಟ್ಪದಿಯ ಕೊನೆಯಲ್ಲಿ ಉಸಿರು ಇಳಿಸಿದರೆ ಅವರು ಅಲ್ಲಿಂದ ಎತ್ತಿಕೊಳ್ಳಬೇಕು. ನಡುವೆ ಒಬ್ಬರು ಕೆಮ್ಮುವಷ್ಟು ತೆರಪೂ ಇರುತ್ತಿರಲಿಲ್ಲ. ಇಬ್ಬರಿಗೂ ಕಲಿಸಿದವರು ಒಬ್ಬರೇ, ತೀರಿಹೋದ ವಿಶ್ವಾರಾಧ್ಯ ಶಾಸ್ತ್ರಿಗಳು.

ಈ ಸಲ ಮೊದಲ ಸೋಮವಾರವೇ ಎಡವಟ್ಟಾಯಿತು. ಹೊಳೆಯ ದಡದಲ್ಲಿ ದೀಪ ಹಿಡಿದು ಕೂತ ಅಜ್ಜಿಯ ಪದ್ಯವನ್ನು ತೀರ್ಥಪ್ಪ ಮೋಹನ ರಾಗದಲ್ಲಿ ಎತ್ತಿಕೊಂಡರು. ಓಂಕಾರೇಶಪ್ಪ ಕೈ ಅಡ್ಡ ಹಿಡಿದು, "ಗುರುಗಳು ಇದನ್ನ ಕಾಂಭೋಜೀಲಿ ಓದ್ತಿದ್ರು," ಅಂದರು. ಓದುವವನನ್ನು ಸಂಧಿಯ ನಡುವೆ ತಡೆಯುವುದುಂಟೆ? ತೀರ್ಥಪ್ಪ ಪುಸ್ತಕ ಮುಚ್ಚಿದರು. ಓಂಕಾರೇಶಪ್ಪ ಕೋಸಂಬರಿಯನ್ನೂ ಮುಟ್ಟದೆ ಬಸ್ಸು ಹತ್ತಿದರು. ಮುಂದಿನ ಸೋಮವಾರ ತೀರ್ಥಪ್ಪ ಒಬ್ಬರೇ ಓದಿದರು. ಅರ್ಥ ಹೇಳುವವರಿಲ್ಲದೆ ಪದ್ಯದ ಮೇಲೆ ಪದ್ಯ ಬಿದ್ದು, ಹಿಟ್ಟಿನ ಗಿರಣಿಯ ಲಕ್ಕಣ್ಣ ಕಂಬಕ್ಕೊರಗಿ ಗೊರಕೆ ಹೊಡೆದ.

ಆ ಲಕ್ಕಣ್ಣನೇ ಈಗ ಎರಡೂರಿನ ನಡುವೆ ರಾಯಭಾರಿ. ಇಲ್ಲಿ ಹೇಳಿದ್ದಕ್ಕೆ ಚೂರು ಒಗ್ಗರಣೆ ಹಾಕಿ ಅಲ್ಲಿ, ಅಲ್ಲಿ ಹೇಳಿದ್ದಕ್ಕೆ ಇನ್ನೂ ಚೂರು ಹಾಕಿ ಇಲ್ಲಿ ಬಡಿಸಿ, ಕೊನೆಗೆ ಮಾತು ಇಲ್ಲಿಗೆ ಬಂದು ನಿಂತಿತ್ತು: ಶಾಸ್ತ್ರಿಗಳು ಓದಿದ ವಿಡಿಯೋ ತೀರ್ಥಪ್ಪನ ಮನೆಯ ಕಂಪ್ಯೂಟರಿನಲ್ಲಿದೆ. ಎಲ್ಲರೆದುರು ಅದನ್ನು ಹಾಕುವುದು. ಯಾರದು ತಪ್ಪೋ ಅವರು ಇನ್ನು ಪುರಾಣದ ಮಣೆ ಹತ್ತುವಂತಿಲ್ಲ.

ಇದನ್ನು ಕೇಳಿದ ದಿನ ಅಶ್ವಿನಿಯ ಅತ್ತೆ ಮಲ್ಲಿಕಾಂಬ ಏನೂ ಅನ್ನಲಿಲ್ಲ. ಅವರು ಅನ್ನುವವರೇ ಅಲ್ಲ. ಪುರಾಣದ ದಿನ ಬಾಗಿಲ ಚೌಕಟ್ಟಿಗೆ ಒರಗಿ ಕೂತರೆ ಮಂಗಳದವರೆಗೆ ಕಣ್ಣು ಮುಚ್ಚಿ ಕೇಳುವವರು. ಹೆಚ್ಚೆಂದರೆ ಒಂದು "ಶಿವಾ". ಅಂದು ಆ ಶಿವಾ ಕೂಡ ಬರಲಿಲ್ಲ.

"ಅತ್ತೆ, ಓಂಕಾರ್ ಮಾಮ ಬರೋದ್ರೊಳಗೆ ಇದು ಸರಿಹೋಗಲ್ಲ ಅನ್ಸುತ್ತೆ," ಎಂದಳು ಅಶ್ವಿನಿ ಈಗ.

"ಸರಿಹೋಗದಿದ್ರೆ ಬಿಡೇ. ಅವ್ರೇನ್ ಅದನ್ನ ತಿಂತಾರಾ?" ಮಲ್ಲಿಕಾಂಬ ಬಾಗಿಲಲ್ಲಿ ಕೂತು ಬಾಳೆನಾರಿನಲ್ಲಿ ಕನಕಾಂಬರ ಕಟ್ಟುತ್ತಿದ್ದರು. "ನೀನು ಕಾಫಿಗೆ ಹಾಲು ಐತಾ ನೋಡು."

"ಬಿಡೋದೇನೇ?" ತೀರ್ಥಪ್ಪ ತಿರುಗಿಬಿದ್ದರು. "ವಿಡಿಯೋ ಬರದಿದ್ರೆ ಅವ್ನು ಏನಂತಾನೆ? ಸೋಲ್ತೀನಿ ಅಂತ ತೀರ್ಥಪ್ಪನೇ ಕೆಡಿಸಿಟ್ಟ ಅಂತಾನೆ!"

ಅಶ್ವಿನಿ ಕಂಪ್ಯೂಟರನ್ನು ಆರಿಸಿ ಹಾಕಿದಳು. ಬಂದ ಅಪ್‌ಡೇಟನ್ನು ವಾಪಸ್ ಕಳಿಸಲು ನೋಡಿದಳು, ಅದು ಹೋಗಲೊಲ್ಲದು. ವಿಡಿಯೋವನ್ನು ಫೋನಿಗೆ ಹಾಕಿದಳು, ಫೋನೂ ಮುಖ ತಿರುಗಿಸಿತು. ಕೊನೆಗೆ ಫೋನಿನ ಇಂಟರ್ನೆಟ್ಟನ್ನೇ ಕಂಪ್ಯೂಟರಿಗೆ ಕೊಟ್ಟು ಬೇರೊಂದು ಪ್ಲೇಯರನ್ನು ಇಳಿಸಲು ಹಾಕಿ ಕೂತಳು. ಯಗಟಿಯಲ್ಲಿ ನೆಟ್‌ವರ್ಕ್ ಬಂದರೆ ಬಂತು. ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ಅದು ಅರ್ಧ ದಾಟುವಷ್ಟರಲ್ಲಿ ಅಂಗಳದಲ್ಲಿ ಲಕ್ಕಣ್ಣನ ಗಂಟಲು ಕೇಳಿಸಿತು.

"ಬನ್ನಿ ಬನ್ನಿ, ಚಪ್ಪಲಿ ಇಲ್ಲೇ ಬಿಡಿ. ತೀರ್ಥಪ್ಪಾ, ಕರ್ಕೊಂಬಂದೆ ಕಣಪ್ಪ ನಿನ್ನ ಹುಲೀನ!"

ಓಂಕಾರೇಶಪ್ಪ ಒಳಗೆ ಬಂದು, ಎಂದಿನ ಜಗಲಿ ಬಿಟ್ಟು, ಹೊಸಬರ ಹಾಗೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು. ತೆಳ್ಳನೆಯ ಮನುಷ್ಯ, ಹಣೆ ತುಂಬ ವಿಭೂತಿ.

"ನೀರು ಬೇಕೇನ್ರಿ ಓಂಕಾರೇಶಪ್ಪನೋರೆ?" ತೀರ್ಥಪ್ಪ ಗೋಡೆಯ ಕ್ಯಾಲೆಂಡರನ್ನು ಕೇಳಿದರು.

"ಬೇಡ ಅಂತ ಹೇಳಮ್ಮ ನಿಮ್ಮ ಮಾವನೋರಿಗೆ," ಎಂದರು ಓಂಕಾರೇಶಪ್ಪ ಅಶ್ವಿನಿಗೆ. "ವಿಡಿಯೋ ನೋಡ್ಬಿಟ್ಟು ಐದು ಗಂಟೆ ಬಸ್ಸಿಗೆ ಹೋಯ್ತೀನಿ."

ಒಬ್ಬರನ್ನೊಬ್ಬರು ಲೇ, ಬಾರೋ, ಹೋಗೋ ಅನ್ನುತ್ತಿದ್ದವರು ಹೀಗೆ ಮರ್ಯಾದೆ ಕೊಟ್ಟುಕೊಳ್ಳುವುದನ್ನು ಕೇಳಲು ಅಶ್ವಿನಿಗೆ ಸಂಕಟವಾಯಿತು. ಅಷ್ಟರಲ್ಲಿ ಪಟ್ಟಿ ತುಂಬಿತು. ಅವಳು ವಿಡಿಯೋದ ಮೇಲೆ ಒತ್ತಿದಳು.

ಬಂತು! ಪರದೆಯ ತುಂಬ ಕೆಂಪು ಗುಲಾಬಿ ದಳಗಳು ಉದುರಿದವು. ಇದನ್ನು ತೆಗೆದ ಕಡೂರಿನ ಹುಡುಗನಿಗೆ ಮದುವೆಯ ವಿಡಿಯೋ ಮಾಡಿಯೇ ಅಭ್ಯಾಸ. ಪುರಾಣಕ್ಕೂ ಅದೇ ದಳ, ಅದೇ ಬಂಗಾರದ ಚೌಕಟ್ಟು. ಎರಡು ಪಾರಿವಾಳ ಹಾರಿಹೋದ ಮೇಲೆ ನಡುವೆ ಶಾಸ್ತ್ರಿಗಳು ಕಾಣಿಸಿದರು. ಕೊರಳಲ್ಲಿ ರುದ್ರಾಕ್ಷಿ, ತೊಡೆಯ ಮೇಲೆ ಪುಸ್ತಕ, ಬಾಯಿ ತೆರೆದಿದೆ.

ಮೂವರು ಗಂಡಸರೂ ಎದ್ದುನಿಂತು ಕೈ ಮುಗಿದರು.

"ಎಲ್ಲಿ, ದನೀನೇ ಇಲ್ಲವಲ್ಲ?" ಎಂದ ಲಕ್ಕಣ್ಣ.

ದನಿ ಇರಲಿಲ್ಲ. ಪಕ್ಕದ ಎರಡು ಸ್ಪೀಕರುಗಳ ಕೆಂಪು ದೀಪ ಉರಿಯುತ್ತಲೇ ಇತ್ತು. ಅಶ್ವಿನಿ ವಾಲ್ಯೂಮನ್ನು ತುದಿಗೇರಿಸಿದಳು, ಸೆಟ್ಟಿಂಗುಗಳ ಹೊಟ್ಟೆಯೊಳಗೆ ಹೊಕ್ಕು ತಡಕಾಡಿದಳು. ಇದೂ ಅಪ್‌ಡೇಟಿನ ಪ್ರಸಾದವೇ ಇರಬೇಕು ಅಂದುಕೊಂಡಳು. ಅತ್ತ ಗುರುಗಳು ಮೂಕರಾಗಿ ಓದುತ್ತಲೇ ಇದ್ದರು.

"ಅಗೋ, ಅದೇ ಪದ್ಯ!" ತೀರ್ಥಪ್ಪ ಪರದೆಯ ಹತ್ತಿರಕ್ಕೆ ಹೋದರು. "ನೋಡ್ರಿ ಬಾಯಿ, ಎಷ್ಟು ಹಗುರಕ್ಕೆ ತೆಗೀತಾರೆ. ಇದು ಮೋಹನ ಅಲ್ದೆ ಇನ್ನೇನು?" ಅಂದವರು ಹಾಡಿಯೇ ತೋರಿಸಿದರು. ಇವರ ದನಿಗೆ ಗುರುಗಳ ತುಟಿ ಕೂಡಿತು. ಗುರುಗಳೇ ಮೋಹನದಲ್ಲಿ ಓದುತ್ತಿದ್ದಾರೆ ಅನ್ನಿಸಿತು.

"ಹಂಗೆ ನೋಡಿದ್ರೆ ಎಮ್ಮೆ ಮೆಲುಕು ಹಾಕೋದೂ ಮೋಹನವೇ!" ಓಂಕಾರೇಶಪ್ಪ ಕುರ್ಚಿ ಬಿಟ್ಟೆದ್ದರು. "ಅಮ್ಮಯ್ಯ, ಹಿಂದಕ್ಕೆ ತಿರುಗ್ಸು. ಈಗ ಕೇಳಿ."

ಅವರು ಕಾಂಭೋಜಿಯಲ್ಲಿ ಎತ್ತಿಕೊಂಡರು. ಅರ್ಥ ಹೇಳಿ ಹೇಳಿ ಗಡುಸಾದ ಗಂಟಲು, ಆದರೂ ಅದಕ್ಕೂ ತುಟಿ ಕೂಡಿತು. ಗುರುಗಳು ಕಾಂಭೋಜಿಯಲ್ಲಿಯೂ ಅಷ್ಟೇ ಚೆನ್ನಾಗಿ ಓದಿದರು.

"ಎರಡೂ ಸರಿಯಾಗೈತಲ್ರಪ್ಪ!" ಲಕ್ಕಣ್ಣ ತೊಡೆ ತಟ್ಟಿದ.

"ನೀನು ಸುಮ್ನಿರು, ನಿಂಗೇನ್ ಗೊತ್ತು!" ಇಬ್ಬರೂ ಒಟ್ಟಿಗೇ ಗದರಿದರು.

ಹಿಂದಕ್ಕೆ ತಿರುಗಿಸುವುದು, ಹಾಡುವುದು, ಮತ್ತೆ ತಿರುಗಿಸುವುದು. ಬೀದಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದ್ಯಾಮಮ್ಮ ಕಿಟಕಿಯಲ್ಲಿ ಇಣುಕಿ, "ಏನ್ರೀ ಅಪ್ಪೋರೆ, ಗುರುಗಳಿಗೆ ನೀವೇ ಹೇಳ್ಕೊಡ್ತಿದೀರಾ?" ಅಂದು ನಕ್ಕು ಹೋದಳು.

ಅಶ್ವಿನಿ ಮೇಜಿನ ಹಿಂದಕ್ಕೆ ಕೈ ಹಾಕಿದಳು. ತಂತಿಗಳ ನಡುವೆ ಬೆರಳಾಡಿಸುವಾಗ ಏನೋ ಗಂಟು ಸಿಕ್ಕಿತು. ಬಗ್ಗಿ ನೋಡಿದಳು. ಸ್ಪೀಕರಿನಿಂದ ಕಂಪ್ಯೂಟರಿಗೆ ಹೋಗುವ ತಂತಿ ಕಳಚಿತ್ತು. ಅಷ್ಟೇ ಆಗಿದ್ದರೆ ಧೂಳು ಒರೆಸುವಾಗ ಬಂದುಬಿಟ್ಟಿತೆನ್ನಬಹುದಿತ್ತು. ಆದರೆ ಅದನ್ನು ಯಾರೋ ಮೂರು ಸುತ್ತು ಸುತ್ತಿ ಬಾಳೆನಾರಿನಿಂದ ಕಟ್ಟಿದ್ದರು. ಹೂಮಾಲೆಯ ತುದಿಗೆ ಹಾಕುವ ಸಣ್ಣ, ಬಿಗಿಯಾದ ಗಂಟು.

ಅವಳು ತಲೆ ಎತ್ತಿದಳು. ಮಲ್ಲಿಕಾಂಬ ಕನಕಾಂಬರದ ಮೇಲಿನಿಂದ ಅವಳನ್ನೇ ನೋಡುತ್ತಿದ್ದರು. ಇಲ್ಲವೆಂದು ತಲೆಯಾಡಿಸಲಿಲ್ಲ, ಹೌದೆಂದೂ ಆಡಿಸಲಿಲ್ಲ. ಮೊಳದುದ್ದ ನಾರು ಸೀಳಿ, ಮುಂದಿನ ಹೂವಿಗೆ ಕೈ ಹಾಕಿದರು.

ಈ ಗುರುಗಳ ಓದನ್ನು ಅತ್ತೆ ಎಷ್ಟು ಶ್ರಾವಣ ಇದೇ ಬಾಗಿಲಲ್ಲಿ ಕೂತು ಕೇಳಿದ್ದಾರೆ! ಆ ಪದ್ಯ ಯಾವ ರಾಗದ್ದೆಂದು ಈ ಮನೆಯಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

"ಸಿಕ್ತೇನಮ್ಮ?" ಎಂದರು ತೀರ್ಥಪ್ಪ.

ತಂತಿಯ ತುದಿ ಅಶ್ವಿನಿಯ ಕೈಯಲ್ಲಿತ್ತು. ಕಂಪ್ಯೂಟರಿನ ಹಿಂದಿನ ಹಸಿರು ತೂತಿಗೆ ಸಿಕ್ಕಿಸಿದರೆ ಒಂದು ಗಳಿಗೆಯಲ್ಲಿ ಗುರುಗಳು ಬಾಯಿ ಬಿಡುತ್ತಾರೆ. ಆ ಬಾಯಿ ಯಾರ ಪರವಾಗಿ ಮಾತಾಡಿದರೂ ಸೋಮವಾರದ ಮಣೆಯ ಮೇಲೆ ಒಬ್ಬರೇ ಕೂರಬೇಕಾಗುತ್ತದೆ.

"ಇನ್ನೂ ಹುಡುಕ್ತಿದೀನಿ ಮಾವ," ಎಂದು ಗಂಟನ್ನು ಇದ್ದಲ್ಲಿಯೇ ಬಿಟ್ಟಳು. "ನೀವು ಓದ್ತಿರಿ."

ತೀರ್ಥಪ್ಪನಿಗೆ ಅಷ್ಟೇ ಬೇಕಾಗಿತ್ತು. ಈ ಸಲ ಜಗಳಕ್ಕೆ ಒಂದು ಸಾಲನ್ನಷ್ಟೇ ಹಾಡದೆ ಪದ್ಯದ ಮೊದಲಿನಿಂದ ಹಿಡಿದರು. ಕತ್ತಲು, ಹೊಳೆ, ದಡದಲ್ಲಿ ದೀಪ, ದೀಪದ ಹಿಂದೆ ಅಜ್ಜಿ. ಹಾಡುತ್ತ ಹಾಡುತ್ತ ಅವರ ಕಣ್ಣು ಮುಚ್ಚಿಕೊಂಡವು. ಕೊನೆಯ ಸಾಲಿನಲ್ಲಿ ದನಿ ಮೆಲ್ಲಗೆ ಕೆಳಗಿಳಿದು ನಿಂತಿತು.

ನಿಂತ ಜಾಗದಲ್ಲಿ ಓಂಕಾರೇಶಪ್ಪ ಎತ್ತಿಕೊಂಡರು. ಎತ್ತಿಕೊಳ್ಳಬೇಕೆಂದು ಅವರಿಗೆ ಅನ್ನಿಸಿತೋ ಇಲ್ಲವೋ, ಬಾಯಿ ತಾನೇ ತೆರೆದುಕೊಂಡಿತು.

"ಕೇಳಿದಿರಾ? ಅಂಬಿಗ ಬಂದ. 'ಅಜ್ಜೀ, ಹತ್ತು, ದಾಟಿಸ್ತೀನಿ' ಅಂದ. ಕಡೂರ್ ಸ್ಟ್ಯಾಂಡಲ್ಲಿ ಕಂಡಕ್ಟರು ಕರೀತಾನಲ್ಲ, ಹಂಗೆ. ಅಜ್ಜಿ ಏಳಲೇ ಇಲ್ಲ. 'ಹಂಗಾದ್ರೆ ಇಷ್ಟೊತ್ತು ಯಾಕೆ ಕೂತಿದ್ದೆ ತಾಯಿ?' ಅಂದ. ಅದಕ್ಕೆ ಅಜ್ಜಿ ಏನಂದ್ಲು? 'ನಾನು ದಾಟೋಕೆ ಬಂದೋಳಲ್ಲ ಕಣಪ್ಪ. ಕತ್ಲಲ್ಲಿ ನಿಂಗೆ ದಡ ಕಾಣ್ಲಿ ಅಂತ ಕೂತೆ' ಅಂದ್ಲು..."

ಇಲ್ಲಿಗೆ ಬಂದಾಗ ಓಂಕಾರೇಶಪ್ಪ ಎರಡೂ ಕೈಗಳನ್ನು ದೀಪದ ಹಾಗೆ ಎತ್ತಿ ಹಿಡಿದರು. ಪ್ರತಿ ವರ್ಷ ಇಲ್ಲಿಯೇ ಹಾಗೆ ಹಿಡಿಯುತ್ತಿದ್ದರು. ಬಾಗಿಲಿನಿಂದ ಸಣ್ಣಗೆ "ಶಿವಾ" ಎಂದು ಕೇಳಿಸಿತು.

ತೀರ್ಥಪ್ಪ ಕಣ್ಣು ಬಿಟ್ಟರು. "ಲೇ, ಮೊದ್ಲು 'ಅಜ್ಜೀ' ಅಂದ ಅಂಬಿಗ ಆಮೇಲೆ 'ತಾಯಿ' ಅಂದದ್ದು ಯಾಕೆ ಅಂತ ಹೋದ್ ವರ್ಷ ನೀನೇ ಬಿಡಿಸಿ ಹೇಳಿದ್ದೆ. ಈ ಸಲ ಹಾರಿಸ್ದೆ."

"ನೀನು ಮುಂದ್ಲ ಪದ್ಯ ಹಿಡಿಯೋ. ಹಿಡಿದ್ರೆ ತಾನೇ ಹೇಳೋದು?"

"ಪುಸ್ತಕ ಬೇಕಲ್ಲೋ!"

ಲಕ್ಕಣ್ಣ ಓಡಿಹೋಗಿ ದೇವರ ಗೂಡಿನಿಂದ ಕೆಂಪು ಬಟ್ಟೆಯ ಕಟ್ಟನ್ನು ತಂದ. ಇಬ್ಬರೂ ನೆಲಕ್ಕೇ ಚಾಪೆ ಎಳೆದುಕೊಂಡು, ಎದುರುಬದುರಾಗಿ, ಪುಸ್ತಕವನ್ನು ನಡುವೆ ಇಟ್ಟುಕೊಂಡು ಕೂತರು. ಮುಂದಿನ ಪದ್ಯಕ್ಕೆ ಮುಂಚೆ ತೀರ್ಥಪ್ಪ ಒಂದು ಕ್ಷಣ ತಡೆದರು. "ಇದನ್ನ ಯಾವುದ್ರಲ್ಲಿ ಓದ್ಲಿ?"

"ನಿನ್ನ ಗಂಟ್ಲಿಗೆ ಯಾವುದು ಹತ್ತುತ್ತೋ ಅದ್ರಲ್ಲಿ ಓದು ಮಾರಾಯ. ಸೋಮವಾರ ಜನ ಬರೋ ಹೊತ್ತಿಗೆ ಒಂದ್ ಸಲ ತಿರುವಿ ಹಾಕೋಣ."

ಐದು ಗಂಟೆಯ ಬಸ್ಸು ಹಾರನ್ ಮಾಡಿಕೊಂಡು ಹೋಯಿತು. ಓಂಕಾರೇಶಪ್ಪ ಕಿವಿಗೊಡಲಿಲ್ಲ. ಸಂಧಿಯ ನಡುವೆ ಏಳುವ ಪದ್ಧತಿ ಅವರಲ್ಲಿ ಇಲ್ಲ. ಅಶ್ವಿನಿ ಕಾಫಿಗೆ ಹಾಲಿಡಲು ಒಳಗೆ ಹೋದಳು. ಮತ್ತೊಂದು ಲೋಟ ಅಕ್ಕಿಯನ್ನೂ ತೊಳೆದಿಟ್ಟಳು.

ಲೋಟಗಳ ತಟ್ಟೆ ಹಿಡಿದು ಅವಳು ಹೊರಬಂದಾಗ ವಿಡಿಯೋ ಕೊನೆಗೆ ಬಂದಿತ್ತು. ಗುಲಾಬಿ ದಳಗಳು ಮತ್ತೆ ಉದುರತೊಡಗಿದ್ದವು. ಚಾಪೆಯ ಮೇಲಿನವರು ಪರದೆಗೆ ಬೆನ್ನು ಮಾಡಿ, ಒಂದೇ ಪುಟದ ಮೇಲೆ ಬಗ್ಗಿದ್ದರು. ಶಾಸ್ತ್ರಿಗಳು ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ಸಭೆಯ ಕಡೆಗೆ ಕೈ ಜೋಡಿಸಿದರು.

ಬಾಗಿಲಲ್ಲಿ ಮಲ್ಲಿಕಾಂಬ ಮಡಿಲಿನ ಹೂವನ್ನು ಪಕ್ಕಕ್ಕಿಟ್ಟು ಎದ್ದರು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಪರದೆಯ ಮೇಲಿನ ಗುರುಗಳಿಗೆ ಕೈ ಮುಗಿದರು.